ಗೋಲಿನ ಲೆಕ್ಕ ಬಿಡಿ, ಹುಡುಗನನ್ನು ನೋಡಿ

ಕಳೆದ ಸಂಚಿಕೆಯ ಪ್ರಶ್ನೆ (ಸಂಕ್ಷಿಪ್ತವಾಗಿ; ಓದುಗರ ಉತ್ತರಗಳು ಕೆಳಗಿವೆ): ನಾವು ಟೊರೊಂಟೊ ಹತ್ತಿರ ಇದ್ದೇವೆ. ಮಗನಿಗೆ 16 ವರ್ಷ, ಐಸ್ ಹಾಕಿಯಲ್ಲಿ ಫಾರ್ವರ್ಡ್. ಗೋಲು ಚೆನ್ನಾಗಿ ಹೊಡೆಯುತ್ತಾನೆ, ಆದರೆ ಎತ್ತರ 5 ಅಡಿ 7 ಇಂಚು. ಇಲ್ಲಿನ ದೊಡ್ಡ ಜೂನಿಯರ್ ಲೀಗಾದ ಒಂಟಾರಿಯೊ ಹಾಕಿ ಲೀಗಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಅವನನ್ನು ಆರಿಸಲಿಲ್ಲ. ಮುಂದೆ ಇದನ್ನೇ ವೃತ್ತಿ ಮಾಡಿಕೊಳ್ಳುವಷ್ಟು ದಮ್ಮು ಅವನಲ್ಲಿ ಇದೆಯಾ? ತಿಳಿಯೋದು ಹೇಗೆ?

ಸರ್, ಇಲ್ಲಿನ ಮಕ್ಕಳ ತಂಡಕ್ಕೆ ಆರು ವರ್ಷ ಸಹಾಯಕ ಕೋಚ್ ಆಗಿದ್ದೆ. ನಿಮ್ಮ ಪತ್ರದ ತುಂಬ ಗೋಲುಗಳ ಲೆಕ್ಕವೇ ಇದೆ. ಅದರಲ್ಲಿ ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯೊಬ್ಬ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿದ್ದಾಗ ಬಂದದ್ದೆಷ್ಟು? ಐದಕ್ಕೆ ಐದು ಜನ ಇದ್ದಾಗ ಎಷ್ಟು? ಕೊನೇ ಸ್ಥಾನದ ತಂಡಕ್ಕೆ ನಾಲ್ಕು ಹೊಡೆದು, ಗಟ್ಟಿ ತಂಡ ಬಂದಾಗ ಮಾಯವಾಗುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ.

ಮುಂದಿನ ಪಂದ್ಯದಲ್ಲಿ ಒಂದು ಪೀರಿಯಡ್ (ಆಟದ ಮೂರನೇ ಒಂದು ಭಾಗ) ಪೂರ್ತಿ ಪಕ್, ಅಂದರೆ ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ, ನೋಡಲೇಬೇಡಿ. ಮಗನನ್ನು ಮಾತ್ರ ನೋಡಿ. ಬೋರ್ಡ್ (ಅಂಕಣದ ಸುತ್ತಲಿನ ಗೋಡೆ) ಹತ್ತಿರ ಪಾಸ್ ಬರುವ ಮೊದಲು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನಾ? ನೋಡಿದವನಿಗೆ ಪಕ್ ಸ್ಟಿಕ್ಕಿಗೆ ತಾಗುವಾಗಲೇ ಮುಂದಿನ ದಾರಿ ಗೊತ್ತಿರುತ್ತದೆ. ನೋಡದವನು ಪಕ್ ಹಿಡಿದು, ತಲೆ ಎತ್ತಿ, ಯಾರಿದ್ದಾರೆ ಅಂತ ಹುಡುಕುವಷ್ಟರಲ್ಲಿ ಡಿಫೆನ್ಸ್‌ನವನು ಬಂದು ಗೋಡೆಗೆ ಒತ್ತಿರುತ್ತಾನೆ. ನಿಂತಲ್ಲಿಂದ ಮೊದಲ ಮೂರು ಹೆಜ್ಜೆ ಎಷ್ಟು ಚುರುಕು ಅಂತಲೂ ಗಮನಿಸಿ. ಗಿಡ್ಡ ಆಟಗಾರನಿಗೆ ಅದೇ ಬಂಡವಾಳ. ಪಕ್ ಕಳೆದುಕೊಂಡ ಮೇಲೆ ಬೆನ್ನಟ್ಟಿ ವಾಪಸ್ ಬರುತ್ತಾನಾ, ಇಲ್ಲಾ ಕೈ ಚೆಲ್ಲಿ ರೆಫರಿ ಮುಖ ನೋಡ್ತಾನಾ?

ಹುಟ್ಟಿದ ತಿಂಗಳು ಯಾವುದು? ಇಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಲೆಕ್ಕ. ಡಿಸೆಂಬರ್ ಹುಡುಗ ತನಗಿಂತ ಹನ್ನೊಂದು ತಿಂಗಳು ದೊಡ್ಡವನನ್ನು ಎದುರಿಸುತ್ತಿರುತ್ತಾನೆ. ಎತ್ತರಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. 5 ಅಡಿ 8 ಇಂಚಿನ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗು) ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. 2003-04ರಲ್ಲಿ ಇಡೀ ಲೀಗಿನಲ್ಲೇ ಅತಿ ಹೆಚ್ಚು ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವಾದ ಪಾಸ್ ಸೇರಿ) ಅವರದು, ಲೀಗಿನ ಟ್ರೋಫಿಯಾದ ಸ್ಟಾನ್ಲಿ ಕಪ್ಪೂ ಬಂತು. ಹಾಗಂತ ಗಿಡ್ಡಗಿರುವವರೆಲ್ಲ ಸೇಂಟ್ ಲೂಯಿ ಆಗಲ್ಲ, ಅದೂ ಸರಿ.
— ಮಿಸಿಸಾಗಾದ ಓದುಗ

ವ್ಯಾಂಕೂವರ್ ಹತ್ತಿರದ ನಮ್ಮ ಸರ್ರೆಯ ಅರ್ಷ್‌ದೀಪ್ ಬೈನ್ಸ್‌ನನ್ನೂ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಕೇಳಲಿಲ್ಲ. 2021-22ರಲ್ಲಿ, 20 ದಾಟಿದ ಮೇಲೆ, ಒಂಟಾರಿಯೊ ಲೀಗಿನಂಥದ್ದೇ ಜೂನಿಯರ್ ಲೀಗಾದ ವೆಸ್ಟರ್ನ್ ಹಾಕಿ ಲೀಗಿನಲ್ಲಿ 112 ಪಾಯಿಂಟ್ ಗಳಿಸಿ ಎಲ್ಲರಿಗಿಂತ ಮೇಲೆ ಬಂದ. ವ್ಯಾಂಕೂವರ್ ಕನಕ್ಸ್ ತಂಡ ಕರೆದು ಸಹಿ ಹಾಕಿಸಿಕೊಂಡಿತು. 2024ರಲ್ಲಿ ಎನ್‌ಎಚ್‌ಎಲ್ ಪಂದ್ಯವನ್ನೂ ಆಡಿದ.

ಒಂದು ಎಚ್ಚರಿಕೆ. ದುಡ್ಡು ಕೊಟ್ಟು ಯಾರಿಂದಲೋ ಮಗನ ಆಟದ ವರದಿ ಬರೆಸಬೇಡಿ. ನಾವು ಬರೆಸಿದೆವು. 'ಎಡಗೈ ಶಾಟ್ ಅದ್ಭುತ' ಅಂತ ಇತ್ತು. ನಮ್ಮವನು ಬಲಗೈ! ಪಕ್ಕದ ಮನೆ ಹುಡುಗನ ವರದಿಯಲ್ಲೂ ಅದೇ ಸಾಲು, ಜೆರ್ಸಿ ನಂಬರ್ ಮಾತ್ರ ಬೇರೆ. ಅದರ ಬದಲು ಎದುರಾಳಿ ತಂಡದ ಕೋಚ್‌ನ್ನು ಕೇಳಿ. ನಿಮ್ಮನ್ನು ಮೆಚ್ಚಿಸುವ ದರ್ದು ಅವರಿಗಿಲ್ಲ. ಓದಿನ ಚಿಂತೆಯೂ ಈಗ ಸ್ವಲ್ಪ ಕಮ್ಮಿ. ಮೊದಲು ಒಂಟಾರಿಯೊ, ವೆಸ್ಟರ್ನ್‌ನಂಥ ದೊಡ್ಡ ಜೂನಿಯರ್ ಲೀಗುಗಳಲ್ಲಿ ಆಡಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತಿತ್ತು. ಆಗಸ್ಟ್ 2025ರಿಂದ ಅದು ತೆರೆದಿದೆ.
— ಸರ್ರೆಯ ಒಬ್ಬ ಅಮ್ಮ

ನಾನು ಆಡಿದ್ದು ಕೊಡಗಿನ ಮೈದಾನದ ಹಾಕಿ, ಮಂಜುಗಡ್ಡೆ ಮೇಲಿನದಲ್ಲ. ನಿಮ್ಮ ಪತ್ರ ಎರಡು ಸಲ ಓದಿದೆ. ಹುಡುಗ ಏನಂತಾನೆ ಅನ್ನೋ ಒಂದು ಸಾಲೂ ಸಿಗಲಿಲ್ಲ. ಪಂದ್ಯ ಮುಗಿಸಿ ಬಸ್ಸಿನಲ್ಲಿ ಬರುವಾಗ ನಮ್ಮಪ್ಪ ನಾನು ತಪ್ಪಿದ ಪಾಸುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ನಾನು ಕಿಟಕಿ ಕಡೆ ತಿರುಗಿ ಸುಮ್ನೆ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚುತ್ತಿದ್ದೆ. ನಿಮ್ಮ ಮಗ ಕಾರಿನಲ್ಲಿ ಏನು ಮಾಡ್ತಾನೆ ಸರ್?
— ಗೋಣಿಕೊಪ್ಪದ ಓದುಗ