ಅನಸ್ತೇಶಿಯಾ 'ಲೇಡೀಸ್ ಬ್ರಾಂಚ್' ಅಂತೆ, ಹಾಗಾದ್ರೆ ಐಸಿಯು ನಡೆಸುದು ಸರ್‌ಗಳು ಮಾತ್ರ ಯಾಕೆ?

ಕುಡ್ಲದ_ಇಂಟರ್ನ್

ನಮಸ್ಕಾರ ಎಲ್ರಿಗೂ. ಮಂಗ್ಳೂರಲ್ಲಿ ಇಂಟರ್ನ್‌ಶಿಪ್ ಮುಗೀಲಿಕ್ಕೆ ಬಂತು, ಎಂಡಿ ಸೀಟಿಗೆ ನೀಟ್ ಪಿಜಿ ಪರೀಕ್ಷೆಗೆ ಓದ್ತಾ ಇದ್ದೇನೆ. ಅನಸ್ತೇಶಿಯಾದಲ್ಲಿ (ಅರಿವಳಿಕೆ ವಿಭಾಗ) ಎರಡೇ ವಾರ ಪೋಸ್ಟಿಂಗ್ ಇದ್ದದ್ದು, ಆದ್ರೆ ಫಸ್ಟ್ ಟೈಮ್ ಮಾಸ್ಕ್ ಹಿಡ್ಕೊಂಡು ಬ್ಯಾಗ್ ಒತ್ತಿ ಪೇಷಂಟಿನ ಎದೆ ಏಳುದು ನೋಡಿದೆನಲ್ಲ, ಅಲ್ಲಿಗೇ ಮನಸ್ಸು ಕೂತುಬಿಟ್ಟಿತು. ಮನೆಯಲ್ಲೂ ಖುಷಿಯೇ ಆದ್ರೆ ಅವರ ಕಾರಣ ಬೇರೆ. ಅಪ್ಪ ಹೇಳುದು "ಹೆಣ್ಮಕ್ಕಳಿಗೆ ಒಳ್ಳೆದು, ಓಪಿಡಿ ಇಲ್ಲ, ಮದುವೆ ಆದ್ಮೇಲೆ ಬೇಕಾದಷ್ಟೇ ಕೇಸ್ ತಗೊಂಡ್ರಾಯ್ತು" ಅಂತ.

ನಾನು ನೋಡಿದ್ದು ಹೇಳ್ತೇನೆ. ಓಟಿಯಲ್ಲಿ (ಆಪರೇಶನ್ ಥಿಯೇಟರ್) ಅನಸ್ತೇಶಿಯಾ ಪಿಜಿಗಳಲ್ಲಿ ಹುಡುಗಿಯರೇ ಜಾಸ್ತಿ. ಅದೇ ಐಸಿಯು ರೌಂಡ್ಸಿಗೆ ಹೋದ್ರೆ ಕನ್ಸಲ್ಟೆಂಟ್ ನಾಲ್ಕು ಜನ, ನಾಲ್ಕೂ ಸರ್. ಮೊನ್ನೆ ಒಂದು ಸಿಎಂಇ (ಡಾಕ್ಟರುಗಳ ಕಲಿಕೆಯ ಕಾರ್ಯಕ್ರಮ) ಇತ್ತು, ಸ್ಪೀಕರ್ ಎಲ್ಲ ಸರ್‌ಗಳು, ಸ್ವಾಗತ ಭಾಷಣ ಮತ್ತೆ ಹೂಗುಚ್ಛ ಮೇಡಂಗಳದ್ದು. ಇಷ್ಟು ಹುಡುಗಿಯರು ನಡುವೆ ಎಲ್ಲಿ ಮಾಯ ಆಗ್ತಾರೆ? ನಂಗೆ ಎಂಡಿ ಆದ್ಮೇಲೆ ಕ್ರಿಟಿಕಲ್ ಕೇರಲ್ಲಿ, ಅಂದ್ರೆ ಐಸಿಯು ಚಿಕಿತ್ಸೆಯಲ್ಲೇ, ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ) ಮಾಡ್ಬೇಕು ಅಂತ ಉಂಟು, ಅದಕ್ಕೆ ಕೇಳಿದ್ದು.

ಮಂಪರು_ಮೇಡಂ

ಮಾಯ ಎಲ್ಲೂ ಆಗ್ಲಿಲ್ಲ ಮಾರಾಯ್ತಿ, ಕಾರಿನ ಡಿಕ್ಕಿಯಲ್ಲಿ ಲಾರಿಂಗೋಸ್ಕೋಪ್ (ಗಂಟಲಿಗೆ ಉಸಿರಿನ ಟ್ಯೂಬ್ ಹಾಕ್ಲಿಕ್ಕೆ ಬಳಸುವ ಸಾಧನ) ಇಟ್ಕೊಂಡು ನರ್ಸಿಂಗ್ ಹೋಮಿಂದ ನರ್ಸಿಂಗ್ ಹೋಮಿಗೆ ತಿರುಗ್ತಾ ಇದ್ದೇವೆ. ನಾನು ಫ್ರೀಲಾನ್ಸ್, 14 ವರ್ಷ ಆಯ್ತು. ಅಪ್ಪನಿಗೆ ಹೇಳು, ಸಿಸೇರಿಯನ್ ಕೇಸ್ ರಾತ್ರಿ ಎರಡು ಗಂಟೆಗೆ "ಮೇಡಂ ನಿಮ್ಗೆ ಅನುಕೂಲ ಉಂಟಾ" ಅಂತ ಕೇಳಿ ಬರುದಿಲ್ಲ. ಜುಲೈ ತಿಂಗಳಲ್ಲಿ ಪಂಪ್‌ವೆಲ್‌ನಲ್ಲಿ ನೀರು ನಿಂತಾಗಲೂ ಬರ್ತದೆ.

ಈಗ ಲೆಕ್ಕ ಹಾಕು. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಡಿಎಂ ಇನ್ನು ಮೂರು. ಮಧ್ಯೆ ಎಂಟ್ರೆನ್ಸಿಗೆ ಒಂದು ವರ್ಷ ಹೋದ್ರೂ ವಯಸ್ಸು 31, ಎಸ್‌ಆರ್‌ಶಿಪ್ (ಸೀನಿಯರ್ ರೆಸಿಡೆಂಟ್ ಕೆಲಸ) ಸೇರಿಸಿದ್ರೆ ಮತ್ತೂ ಮೇಲೆ. ಮಕ್ಕಳಾಗುವ ವಯಸ್ಸೂ ಅದೇ ಅಲ್ವಾ. ಪಿಜಿಯಲ್ಲಿ ಇರುವಾಗ ರಜೆ ಮಿತಿ ದಾಟಿದ್ರೆ ಅಷ್ಟು ದಿನ ಕೋರ್ಸ್ ಮುಂದೆ ಹೋಗ್ತದೆ, ಬ್ಯಾಚ್‌ಮೇಟ್ಸ್ ಪರೀಕ್ಷೆ ಬರೆದು ಹೋಗಿರ್ತಾರೆ. ನಾನು ಬಸುರಿ ಇದ್ದಾಗ ಸೀ-ಆರ್ಮ್ (ಎಕ್ಸ್‌ರೇ ಮೆಷಿನ್) ಇರುವ ಆರ್ಥೋ ಓಟಿಗೆ ಹಾಕ್ಬೇಡಿ ಅಂತ ಕೇಳಿಕೊಂಡದ್ದಕ್ಕೆ ಒಬ್ರು ಸೀನಿಯರ್ ಹೇಳಿದ್ದು "ಇದಕ್ಕೇ ಹುಡುಗಿಯರನ್ನು ತಗೊಳ್ಬಾರ್ದು" ಅಂತ. ನಗ್ತಾ ಹೇಳಿದ್ದು. ನಾನೂ ನಕ್ಕೆ, ಈಗ ಸಿಟ್ಟು ಬರುದು ಅದಕ್ಕೇ.

ಮತ್ತೊಂದು ವಿಷಯ ಯಾರೂ ಹೇಳುದಿಲ್ಲ. 2017ರ ತಿದ್ದುಪಡಿಯಲ್ಲಿ ಮೆಟರ್ನಿಟಿ ರಜೆ 12 ವಾರದಿಂದ 26 ವಾರ ಆಯ್ತು, 50 ಜನ ಇರುವ ಕಡೆ ಕ್ರೆಶ್ (ಮಕ್ಕಳನ್ನು ನೋಡಿಕೊಳ್ಳುವ ಜಾಗ) ಬೇಕು ಅಂತಲೂ ಆಯ್ತು. ಆದ್ರೆ ಪ್ರೈವೇಟಲ್ಲಿ ಸುಮಾರು ಕನ್ಸಲ್ಟೆಂಟ್‌ಗಳು ಸಂಬಳದವರೇ ಅಲ್ಲ. 10 ಪರ್ಸೆಂಟ್ ಟಿಡಿಎಸ್ ಕಟ್ ಆಗಿ ಬರುವ 'ಪ್ರೊಫೆಶನಲ್ ಫೀ'. ನೌಕರಳೇ ಅಲ್ಲ ಅಂದ್ಮೇಲೆ ರಜೆ ಯಾರ ಹತ್ರ ಕೇಳುದು?

ಐಸಿಯು_ನೈಟ್

ನಾನು ಆ 'ನಾಲ್ಕು ಸರ್'ಗಳ ಜಾತಿಯವ. ಯಾರೂ ಬೇಕಂತ ತಡೆಯುದಿಲ್ಲ, ನಮ್ಮಲ್ಲಿ ಪೋಸ್ಟ್ ಕರೆದಾಗ ಹುಡುಗಿಯರ ಅರ್ಜಿಯೇ ಬರ್ಲಿಲ್ಲ. ತಿಂಗಳಿಗೆ ಎಂಟು ನೈಟ್, ಬೆಳಿಗ್ಗೆ ಎಂಟಕ್ಕೆ ಹ್ಯಾಂಡ್‌ಓವರ್ ಅಂತ ಇರ್ತದೆ, ಮನೆಗೆ ಹೋಗುವಾಗ ಹನ್ನೊಂದು. ಓಟಿಯಲ್ಲಿ ಕೇಸ್ ಮುಗಿದ್ರೆ ಮುಗೀತು, ಐಸಿಯು ಪೇಷಂಟ್ ಮುಗಿಯುದೇ ಇಲ್ಲ. ಗಂಡಸರಿಗೆ ಮೈಯಲ್ಲಿ ಸ್ವಲ್ಪ ಬಲ ಜಾಸ್ತಿ ಅನ್ನುದೂ ಒಂದು ಇರ್ಬಹುದು.

ಮಂಪರು_ಮೇಡಂ

ಸಾರ್, ಬಲದ ಕಥೆ ಬಿಡಿ ದಯವಿಟ್ಟು. ಲಾರಿಂಗೋಸ್ಕೋಪನ್ನು ಹ್ಯಾಂಡಲ್ ಇರುವ ದಿಕ್ಕಿಗೇ ಎತ್ತಬೇಕು, ಹಲ್ಲಿನ ಮೇಲೆ ಮೀಟಬಾರ್ದು ಅಂತ ನೀವೇ ಪಿಜಿಗಳಿಗೆ ಕಲಿಸುದಲ್ವಾ? ಬಲ ಹಾಕಿದವನ ಕೈಯಲ್ಲಿ ಹಲ್ಲು ಬರ್ತದೆ. ಮತ್ತೆ ಅರ್ಜಿ ಬರ್ಲಿಲ್ಲ ಅಂತೀರಿ, ಮನೆಯಲ್ಲಿ ಸಣ್ಣ ಮಗು ಇರುವವಳು ಎಂಟು ನೈಟಿನ ರೋಸ್ಟರ್ ನೋಡಿ ಅರ್ಜಿ ಹಾಕ್ತಾಳಾ? ಆ ರೋಸ್ಟರ್ ಬರೆದದ್ದು ಯಾರು?

ಕುಂದಾಪ್ರದ_ಡಾಕ್ಟ್ರ್

ಹ್ವಾಯ್, ನಾನು ಉಡುಪಿಯಲ್ಲಿ ಐಸಿಯು ಮಾಡುವ ಹೆಂಗ್ಸು, ಇದ್ದೇವೆ ಮಾರ್ರೆ ನಾವೂ! ರೌಂಡ್ಸ್ ಎಲ್ಲ ಮುಗಿಸಿ, ವೆಂಟಿಲೇಟರ್ ಸೆಟ್ಟಿಂಗ್ ಬದಲಿಸಿ, ಪೇಷಂಟಿನ ಮಗನ ಹತ್ರ ಅರ್ಧ ಗಂಟೆ ಕೂತು ವಿವರಿಸಿದ್ಮೇಲೆ ಅವ ಕೇಳುದು "ಸಿಸ್ಟರ್, ಡಾಕ್ಟ್ರ್ ಎಷ್ಟೊತ್ತಿಗೆ ಬತ್ರ್?" ಅಂತ. ಪಕ್ಕದಲ್ಲಿ ಸ್ಟೆತ್ ಹಾಕಿ ನಿಂತ ಇಂಟರ್ನ್ ಹುಡುಗನಿಗೆ ಕೈ ಮುಗೀತಾರೆ. ಅದಕ್ಕೆ ಈಗ ನಗು ಬರ್ತದೆ ಬಿಡಿ. ನಗು ಬಾರದ್ದು ಡ್ಯೂಟಿ ರೂಮಿನ ವಿಷಯ. ಹಿಂದೆ ಕೆಲಸ ಮಾಡಿದ ಒಂದು ಕಡೆ ಲೇಡಿ ಡಾಕ್ಟರ್‌ಗಳಿಗೆ ಬೇರೆ ರೂಮೇ ಇರ್ಲಿಲ್ಲ, ಇದ್ದ ಒಂದಕ್ಕೆ ಒಳಗಿನ ಚಿಲಕ ಇಲ್ಲ, ನಾನು ಕುರ್ಚಿ ಅಡ್ಡ ಇಟ್ಟು ಮಲಗ್ತಿದ್ದೆ. ಆಗಸ್ಟ್ 2024ರಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದ ಪಿಜಿ ಹುಡುಗಿ ಸೆಮಿನಾರ್ ಹಾಲಲ್ಲಿ ಮಲಗಿದ್ದಾಗ ಅತ್ಯಾಚಾರ ಮಾಡಿ ಕೊಂದದ್ದು ಎಲ್ರಿಗೂ ಗೊತ್ತು. ಆವತ್ತು ರಾತ್ರಿ ನನ್ನ ಅಮ್ಮ ಫೋನ್ ಮಾಡಿ ಕೇಳಿದ್ದು ಒಂದೇ, ಚಿಲಕ ಸಮ ಮಾಡಿದ್ರಾ ಅಂತ.

ತಂಗಿ, ನೀನು ಡಿಎಂ ಮಾಡು. ಸೇರುವ ಮೊದಲು ಡ್ಯೂಟಿ ರೂಮ್ ತೋರಿಸಿ ಅಂತ ಕೇಳು, ನಾಚಿಕೆ ಮಾಡ್ಬೇಡ.

ಹಳೇ_ಬೋಯ್ಲ್ಸ್_ಮೆಷಿನ್

ನಾನು ರಿಟೈರ್ ಆದವ, ಉದ್ದ ಬರೀತೇನೆ, ಕ್ಷಮಿಸಿ. ಈ ಬ್ರಾಂಚಿಗೆ ಹೆಂಗಸರು ಹೊಸಬರಲ್ಲ. ಹೈದರಾಬಾದಿನ ರೂಪಾಬಾಯಿ ಫರ್ದೂಂಜಿ 1889ರಲ್ಲೇ ವೈದ್ಯಕೀಯ ಮುಗಿಸಿ ಕ್ಲೋರೋಫಾರ್ಮ್ ಕೊಡ್ತಿದ್ದವರು, ಪ್ರಪಂಚದ ಮೊದಲ ಮಹಿಳಾ ಅನಸ್ತೇಶಿಯಾ ಡಾಕ್ಟರ್ ಅಂತ ಅವರನ್ನೇ ಹೇಳುದು. ಮತ್ತೆ ಮಗು ಹುಟ್ಟಿದ ಕೂಡ್ಲೆ ಅದರ ಸ್ಥಿತಿ ಅಳೀಲಿಕ್ಕೆ ನಾವೆಲ್ಲ ಹೇಳುವ ಆಪ್ಗರ್ ಸ್ಕೋರ್ ಉಂಟಲ್ಲ, ಅದನ್ನು ಮಾಡಿದ ವರ್ಜೀನಿಯಾ ಆಪ್ಗರ್‌ಗೆ ಸರ್ಜನ್ ಆಗ್ಬೇಕು ಅಂತ ಇತ್ತು, ಅವರ ಚೀಫ್ ಬೇಡ ಅಂತ ಹೇಳಿ ಅನಸ್ತೇಶಿಯಾಕ್ಕೆ ಕಳಿಸಿದ್ರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1938ರಿಂದ ಆ ವಿಭಾಗವನ್ನು ಕಟ್ಟಿ ಬೆಳೆಸಿದ್ದು ಅವರು. 1949ರಲ್ಲಿ ಅದು ಸ್ವತಂತ್ರ ಡಿಪಾರ್ಟ್‌ಮೆಂಟ್ ಆದಾಗ ಹೆಡ್ ಪೋಸ್ಟ್ ಒಬ್ಬ ಗಂಡಸಿಗೆ ಹೋಯ್ತು, ಆಪ್ಗರ್‌ಗೆ ಪ್ರೊಫೆಸರ್ ಪದವಿ ಕೊಟ್ರು. ಅಲ್ಲಿಂದ ಅವರು ಹೆರಿಗೆ ವಾರ್ಡ್ ಕಡೆ ಹೋದ್ರು, ಸ್ಕೋರ್ ಪ್ರಿಂಟ್ ಆದದ್ದು 1953ರಲ್ಲಿ.

ನಾನು ಹೆಚ್‌ಓಡಿ ಇದ್ದಾಗ ನನ್ನ ಕೈಯಿಂದಲೂ ತಪ್ಪಾಗಿದೆ. ಐಸಿಯು ಇನ್‌ಚಾರ್ಜ್ ಮಾಡುವಾಗ ಒಬ್ಬ ಮೇಡಂ ಹೆಸರು ಬಂತು, ಮಗು ಸಣ್ಣದು ಅಂತ ನಾನೇ ಬಿಟ್ಟೆ. ಅವರನ್ನು ಒಂದು ಮಾತು ಕೇಳಲೇ ಇಲ್ಲ.

ಐಸಿಯು_ನೈಟ್

ರೋಸ್ಟರ್ ಬರೆದದ್ದು ನಾನೇ ಮೇಡಂ. ಎಂಟನ್ನು ಆರಕ್ಕೆ ಇಳಿಸ್ಲಿಕ್ಕೆ ಇನ್ನೊಬ್ಬ ಕನ್ಸಲ್ಟೆಂಟ್ ಬೇಕು, ಆಡಳಿತದವರು ಪೋಸ್ಟ್ ಕೊಡ್ಬೇಕಲ್ಲ. ಆದ್ರೆ ಬಲದ ಮಾತು ವಾಪಸ್.

ಕುಡ್ಲದ_ಇಂಟರ್ನ್

ಎಲ್ರಿಗೂ ಥ್ಯಾಂಕ್ಸ್. ಅಪ್ಪನಿಗೆ ಇಡೀ ಥ್ರೆಡ್ ಓದಿ ಹೇಳಿದೆ. ರಾತ್ರಿ ಎರಡು ಗಂಟೆಯ ಕೇಸಿನ ಹತ್ರ ಬಂದಾಗ "ಹಾಗಾದ್ರೆ ಡರ್ಮಟಾಲಜಿ ನೋಡುವನಾ" ಅಂತಾರೆ. @ಮಂಪರು_ಮೇಡಂ, ಒಂದು ದಿನ ನಿಮ್ಮ ಜೊತೆ ಕೇಸ್ ನೋಡ್ಲಿಕ್ಕೆ ಬರ್ಬಹುದಾ?

ಮಂಪರು_ಮೇಡಂ

ಬಾ. ಬೆಳಿಗ್ಗೆ ಆರೂಮುಕ್ಕಾಲಿಗೆ ಕಂಕನಾಡಿಯಲ್ಲಿ ನಿಂತಿರು, ಕಾರಲ್ಲಿ ಹತ್ತಿಸ್ಕೊಳ್ತೇನೆ. ತಿಂಡಿ ತಿಂದು ಬಾ, ನಂತರ ಟೈಮ್ ಸಿಗ್ಲಿಕ್ಕಿಲ್ಲ.