ಸಹಾಯ ಬೇಕು: ಬಹರೈನ್ ಕವಿ ಅಲ್ ಅರಯ್ಯದ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಬಹರೈನಿನ ಕಾವ್ಯದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಇಸ್ಲಾಂಪೂರ್ವ ಕಾಲದ ತರಫಾ, 1948ರಲ್ಲಿ ಮುಹರ್ರಕ್‌ನಲ್ಲಿ ಹುಟ್ಟಿದ ಖಾಸಿಂ ಹದ್ದಾದ್, ಇಬ್ಬರ ಕವಿತೆಗಳೂ ಇಂಗ್ಲಿಷಿನಲ್ಲಿ ಸಿಕ್ಕಿವೆ. ತೊಡಕಿರುವುದು ಇಬ್ರಾಹಿಂ ಅಲ್ ಅರಯ್ಯದ್ ಅವರದು. 1908ರಲ್ಲಿ ನಮ್ಮ ಮುಂಬಯಿಯಲ್ಲೇ ಹುಟ್ಟಿದವರು (ಇದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ!), ಆಮೇಲೆ ಬಹರೈನಿನ ದೊಡ್ಡ ಅರಬ್ಬಿ ಕವಿಯಾದರು. ಉಮರ್ ಖಯ್ಯಾಮನ ರುಬಾಯಿಗಳನ್ನು ಪಾರಸಿಯಿಂದ ಅರಬ್ಬಿಗೆ ತಂದವರೂ ಇವರೇ.

ಮನಾಮದಲ್ಲಿ ಅವರ ಮನೆ ಈಗ ಕಾವ್ಯಭವನವಾಗಿದೆ. ಅಲ್ಲಿರುವ ಕನ್ನಡಿಗರು ಯಾರಾದರೂ ಒಮ್ಮೆ ಹೋಗಿ, ಅವರ ಸಂಕಲನ ಕೊಳ್ಳಲು ಸಿಗುತ್ತದೆಯೇ ಕೇಳಿ ತಿಳಿಸುವಿರಾ? ದುಡ್ಡು, ಅಂಚೆ ಖರ್ಚು ನನ್ನದು. ಅರಬ್ಬಿ ಬಲ್ಲವರು ನಾಲ್ಕೈದು ಕವಿತೆ ಓದಿ ಅರ್ಥ ಹೇಳಿದರೆ ಇನ್ನೂ ಉಪಕಾರ. ಮುತ್ತು ತೆಗೆಯುವವರ ಫಿಜಿರಿ ಹಾಡುಗಳ ಸಾಹಿತ್ಯ ಇದ್ದರೂ ಕಳಿಸಿ.