ಹಬ್ಬ ಮುಗಿದ ಮೇಲೆ ಮಕ್ಕಳ ಖುಷಿ ಉಳಿಸುವುದು ಹೇಗೆ?

ಹಾಸನದ ಅಮ್ಮ (ಪ್ರಶ್ನೆ):
ಮೊನ್ನೆ ದೀಪಾವಳಿ ಮುಗಿದು, ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ನಮ್ಮೂರ ಹಾಸನಾಂಬ ಗುಡಿಯ ಬಾಗಿಲು ಹಾಕಿದರು. ಮಕ್ಕಳನ್ನು ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆಗೆಯುವವರೆಗೂ ಆರುವುದಿಲ್ಲ ಅಂತ ನಮ್ಮತ್ತೆ ಅವರಿಗೆ ಹೇಳಿದರು. ಮನೆಗೆ ಬಂದು ನಾನು ಹಣತೆ ತೊಳೆದು ಅಟ್ಟಕ್ಕೆ ಇಡುತ್ತಿದ್ದೆ. ಮಗಳು ಅಳಲು ಶುರುಮಾಡಿದಳು. "ದೇವಿ ದೀಪ ಉರೀತಾ ಇದೆ, ನಮ್ಮನೇದು ಯಾಕೆ ಎತ್ತಿಡ್ತೀಯ?"

ಏನು ಹೇಳಬೇಕೋ ತಿಳಿಯಲಿಲ್ಲ. ಸೀರಿಯಲ್ ಸೆಟ್ ಲೈಟು ದಿನಾ ಹಾಕಿದೆ. ಮೂರನೇ ದಿನಕ್ಕೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಬೇಕಾಗಿದ್ದು ಅದಲ್ಲ ಅಂತ ಗೊತ್ತಾಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಬೇರೆ, ಒಂದು ತಿಂಗಳು ಹೆಚ್ಚಿಗೆ ಸೇರಿ ಹಬ್ಬಗಳು ತಡ. ಯುಗಾದಿ ಮಾರ್ಚ್ 19ಕ್ಕೆ, ನಾಗರ ಪಂಚಮಿ ಆಗಸ್ಟ್ 17ಕ್ಕೆ. ನಡುವೆ ಐದು ತಿಂಗಳು ನಮ್ಮ ಮನೆಯಲ್ಲಿ ದೊಡ್ಡ ಹಬ್ಬವೇ ಇಲ್ಲ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಸಿಗುವುದು ಭಾನುವಾರ ಒಂದೇ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಮೂಡಿಗೆರೆ ಅಜ್ಜಿ:
ಮಗಳೇ, ಮೊದಲು ಆ ಹಣತೆ ಕೆಳಗಿಳಿಸು. ಹಬ್ಬ ಎಲ್ಲಿ ಮುಗಿಯಿತು? ಬಲಿಪಾಡ್ಯಮಿ ಆಗಿ 11ನೇ ದಿನಕ್ಕೆ ಉತ್ಥಾನ ದ್ವಾದಶಿ, ತುಳಸಿ ಹಬ್ಬ. ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ನೆಡುವ ಕೆಲಸ ಚಿಕ್ಕವನಿಗೆ ಕೊಡು. ನೆಲ್ಲಿಕಾಯಿಯ ತುದಿ ನೀನು ಕೊರೆದುಕೊಡು, ಬತ್ತಿ ಮಗಳು ಹೊಸೆಯಲಿ. ದಪ್ಪಗಾದರೂ ಪರವಾಗಿಲ್ಲ, ಮತ್ತೆ ನೀನು ಸರಿಮಾಡಬೇಡ. ತುಪ್ಪ ಹಾಕಿ ಹಚ್ಚಿದರೆ ಅದು ಅವಳ ದೀಪ.

ಮಕ್ಕಳಿಗೆ ಹಬ್ಬದ ಊಟಕ್ಕಿಂತ ಹಬ್ಬದ ಕೆಲಸ ರುಚಿ ಕಣಮ್ಮಾ. ನಾನು ಇದನ್ನು ತಡವಾಗಿ ಕಲಿತೆ. ನನ್ನ ಮೊಮ್ಮಗಳಿಗೆ ಆರು ವರ್ಷ ಇದ್ದಾಗ ಸಂಕ್ರಾಂತಿಗೆ ಹದಿನೈದು ದಿನ ಮೊದಲೇ ಬಂದಿದ್ದಳು. ನಾನು ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹಾಕುವುದು, ಅವಳು ಕಾಗೆ ಕಾಯುವುದು. ಹುರಿದ ಕಡಲೆಕಾಯಿ ಬೀಜ ಅಂಗೈಯಲ್ಲಿ ಉಜ್ಜಿ ಹಿತ್ತಿಲಿಗೆ ಹೋಗಿ ಉಫ್ ಅಂತ ಊದುವುದು. ತಲೆಯ ತುಂಬ ಸಿಪ್ಪೆ! ಹಬ್ಬದ ದಿನ ಎಂಟು ಮನೆಗೆ ಎಳ್ಳು ಬೀರಲು ಹೋದಳು. ಒಂದೊಂದು ಮನೆಯಲ್ಲೂ "ಇದರ ಸಿಪ್ಪೆ ನಾನೇ ಊದಿದ್ದು" ಅಂತ ಹೇಳಿದಳಂತೆ. ಮಾರನೇ ವರ್ಷ ನನಗೆ ಮಂಡಿನೋವು. ಅಂಗಡಿಯಿಂದ ಕಲಸಿದ ಪ್ಯಾಕೆಟ್ ತರಿಸಿದೆ. ಮಗು ಒಂದು ಹಿಡಿ ತಿಂದು ಎದ್ದು ಹೋಯಿತು, ಎಳ್ಳು ಬೀರಲು ಯಾವಾಗ ಹೋಗುವುದು ಅಂತ ಕೇಳಲೂ ಇಲ್ಲ. ಆ ಸಂಕ್ರಾಂತಿ ನೆನೆದರೆ ನನಗೆ ಈಗಲೂ ಬೇಜಾರು.

ನಿನಗೆ ಭಾನುವಾರ ಇದೆಯಲ್ಲ, ಸಾಕು. ಒಂದು ಭಾನುವಾರ ಕೊಬ್ಬರಿ, ಇನ್ನೊಂದು ಭಾನುವಾರ ಬೆಲ್ಲ.

ತೋಟದ ಅಪ್ಪ, ಚಿಕ್ಕಮಗಳೂರು:
ಅಕ್ಕಾ, ಆ ಐದು ತಿಂಗಳಿಗೆ ನಾನು ಎರಡು ವಿಷಯ ಹೇಳುತ್ತೇನೆ.

ನಮ್ಮದು ಮಲ್ಲೇನಹಳ್ಳಿ ಕಡೆ ಸಣ್ಣ ಕಾಫಿ ತೋಟ. ಮಾರ್ಚ್-ಏಪ್ರಿಲಿನಲ್ಲಿ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ. ಪಂಚಾಂಗದಲ್ಲಿ ಅದಕ್ಕೆ ತಾರೀಖು ಇಲ್ಲ. ಮಳೆ ಬಿದ್ದ ಸಂಜೆಯಿಂದ ನನ್ನ ಮಕ್ಕಳು ಗೋಡೆಯ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾರೆ. ಹೂವು ಬಿರಿದ ಬೆಳಿಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಡಬ್ಬಿಗೆ ಹಾಕಿಕೊಂಡು ತೋಟದಲ್ಲೇ ತಿಂಡಿ. ಹೂವು ಕೀಳುವ ಹಾಗಿಲ್ಲ, ಅದೇ ಮುಂದೆ ಹಣ್ಣಾಗಬೇಕಲ್ವಾ. ಎರಡು-ಮೂರು ದಿನಕ್ಕೆ ಬಾಡಿ ಕಂದಾಗುತ್ತದೆ. ನಿಮಗೆ ನೆಂಟರ ತೋಟ ಯಾವುದಾದರೂ ಇದ್ದರೆ ಆ ದಿನ ತಪ್ಪಿಸಬೇಡಿ.

ಇನ್ನೊಂದು ಚೆಂಡುಹೂವು. ಅದರ ಬೀಜ ಮಕ್ಕಳ ಕೈಯಲ್ಲೇ ತೆಗೆಸಿಡಿ. ತೋರಣಕ್ಕೆ ಕಿತ್ತ ಹೂವಿನ ಬೀಜ ಬಲಿತಿರುವುದಿಲ್ಲ. ಗಿಡದಲ್ಲೇ ಒಣಗಿದ ಹೂವು ಬೇಕು, ಅದೂ ನಾಟಿಯದು. ಹೈಬ್ರಿಡ್ ಬೀಜದಲ್ಲಿ ಮತ್ತೆ ಅದೇ ತರಹದ ಹೂವು ಬರುತ್ತದೆ ಅನ್ನುವ ನಂಬಿಕೆ ಇಲ್ಲ. ಆಷಾಢದ ಕೊನೆಗೆ ಕುಂಡದಲ್ಲಿ ಬಿತ್ತಿದರೆ ಆಯುಧಪೂಜೆ ಹೊತ್ತಿಗೆ ಹೂವು. ನಿಮ್ಮ ಸ್ಕೂಟರಿಗೆ ಹಾರ ಮಕ್ಕಳ ಗಿಡದ್ದೇ ಆಗಲಿ.

ಸಕಲೇಶಪುರದ ಟೀಚರ್:
ಇಬ್ಬರೂ ಹೇಳಿದ್ದು ಇಷ್ಟವಾಯಿತು. ಆದರೆ ತಿಂಗಳಿಗೊಂದು ಹಬ್ಬ ಹುಡುಕಿ ತುಂಬಿಸಲು ಹೋಗಬೇಡಿ. ಸೀರಿಯಲ್ ಸೆಟ್ಟಿಗೆ ಆಗಿದ್ದೇ ಅದಕ್ಕೂ ಆಗುತ್ತದೆ. ದೀಪಾವಳಿಗೆ ಒಂದು ಸಲ ತಾನೇ ಜನ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟ ಹತ್ತುವುದು? ದಿನಾ ಹತ್ತುವ ಹಾಗಿದ್ದರೆ ಅಷ್ಟು ಜನ ಬರುತ್ತಿದ್ದರಾ? ಮಗು "ಹಬ್ಬ ಯಾವಾಗ" ಅಂತ ಕೇಳಿದರೆ ಕೇಳಲಿ ಬಿಡಿ. ಕ್ಯಾಲೆಂಡರ್ ತೋರಿಸಿ, ಜೊತೆಗೆ ಕೂತು ಎಣಿಸಿ. ಕಾಯುವುದೂ ಹಬ್ಬದ ಪಾಲೇ.

ಹಾಸನದ ಅಮ್ಮ:
ಅಜ್ಜಿ, ಅಣ್ಣ, ಟೀಚರ್, ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಇವತ್ತು ಭಾನುವಾರ, ಅರಸೀಕೆರೆ ಹತ್ತಿರ ನನ್ನ ತವರಿಗೆ ಹೋಗಿದ್ದೆವು. ಅಮ್ಮನ ಹಿತ್ತಿಲಲ್ಲಿ ನಾಟಿ ಚೆಂಡು ಗಿಡದಲ್ಲೇ ಒಣಗಿತ್ತು. ಮಕ್ಕಳಿಬ್ಬರೂ ಜಗಲಿ ಮೇಲೆ ಕೂತು ಬಿಡಿಸಿದರು. ಕಡ್ಡಿಯಂಥ ಕರಿ ಬೀಜ, ಮಗ ಅರ್ಧ ಚೆಲ್ಲಿದ. ಉಳಿದಿದ್ದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿದೆವು.

ಹಣತೆಗಳಲ್ಲಿ ಎರಡನ್ನು ತುಳಸಿ ಹಬ್ಬಕ್ಕೆ ಕೆಳಗೆ ಇಟ್ಟುಕೊಂಡಿದ್ದೇನೆ. ಮಿಕ್ಕ ಹಣತೆಗಳ ಪಕ್ಕ ಬೀಜದ ಬಾಟಲಿ ಇಡಬೇಕು ಅಂತ ಮಗಳದೇ ಹಟ. ಅವಳನ್ನು ಎತ್ತಿಕೊಂಡೆ. ತಾನೇ ಇಟ್ಟು, ಅಟ್ಟದ ಬಾಗಿಲು ತಾನೇ ಹಾಕಿದಳು. ಆಮೇಲೆ ತಮ್ಮನಿಗೆ ಹೇಳಿದಳು: "ಆಷಾಢ ಬರೋವರೆಗೂ ಯಾರೂ ತೆಗೆಯೋ ಹಾಗಿಲ್ಲ."